ಕೊಡಗಿನಲ್ಲಿ ಮಲೇರಿಯಾ ಕೇಸ್ ಲೆಕ್ಕ ಇಡೋದು ಹೇಗೆ: ಇಲ್ಲೇ ತಗುಲಿದ್ದು ಯಾವುದು, ಹೊರಗಿಂದ ಬಂದಿದ್ದು ಯಾವುದು

ಪಿಎಚ್‌ಸಿ ಸಿಬ್ಬಂದಿ ಇರ್ಲಿ, ತೋಟದ ಲೆಕ್ಕ ಬರೆಯೋ ರೈಟರ್ ಇರ್ಲಿ, ಪ್ರಾಜೆಕ್ಟ್ ಮಾಡ್ತಿರೋ ಸ್ಟೂಡೆಂಟ್ಸ್ ಇರ್ಲಿ, ಮಲೇರಿಯಾ ಶೀಟ್ ಮಾಡೋರೆಲ್ಲ ಎಡವೋದು ಒಂದೇ ಜಾಗದಲ್ಲಿ. ಪಾಸಿಟಿವ್ ಬಂತು ಅಂದ ತಕ್ಷಣ ಮೊದಲು ತುಂಬೋದೇ "ಲೋಕಲ್" ಅಥವಾ "ಇಂಪೋರ್ಟೆಡ್" ಅನ್ನೋ ಕಾಲಂ, ಆಮೇಲೆ ಉಳಿದಿದ್ದನ್ನ ಅದಕ್ಕೆ ಹೊಂದೋ ಹಾಗೆ ಬರ್ಕೊಂಡು ಹೋಗ್ತಾರೆ. ಪೇಷೆಂಟ್ ಅಸ್ಸಾಂ ಕಡೆಯವನಾ, ಇಂಪೋರ್ಟೆಡ್. ಇಲ್ಲಿಯವನಾ, ಅವನು ಹೋದ ತಿಂಗಳು ಎಲ್ಲಿಗಾದ್ರೂ ಹೋಗಿದ್ನಾ ಅಂತ ಹುಡುಕಿ ಅದನ್ನೂ ಇಂಪೋರ್ಟೆಡ್ ಮಾಡೋದು. ಲೋಕಲ್ ಅಂತ ಬರೆದ್ರೆ ಮೇಲಿಂದ ಪ್ರಶ್ನೆ ಬರತ್ತೆ, ಇಂಪೋರ್ಟೆಡ್ ಅಂದ್ರೆ ಯಾರೂ ಕೇಳಲ್ಲ, ಅದಕ್ಕೇ ಕೈ ಆ ಕಡೆ ವಾಲತ್ತೆ.

ಆ ಕಾಲಂ ತುಂಬಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಈ ಗೈಡ್ ಪೂರ್ತಿ ಆ ಕ್ರಮದ ಮೇಲೇ ನಿಂತಿದೆ. ಹೊರಗಿಂದ ಬಂದ ಕೇಸ್ ಆದ್ರೆ ಅವನ ಜೊತೆ ಬಂದವರನ್ನೆಲ್ಲ ಟೆಸ್ಟ್ ಮಾಡ್ಬೇಕು, ಇಲ್ಲೇ ತಗುಲಿದ್ದಾದ್ರೆ ಆ ಜಾಗದ ಸೊಳ್ಳೆ ಹುಡುಕ್ಬೇಕು, ಅಂದ್ರೆ ತಪ್ಪು ಬರೆದ್ರೆ ತಪ್ಪು ಕೆಲ್ಸಕ್ಕೆ ಜನ ಓಡ್ತಾರೆ. ದೇಶದಲ್ಲಿ 2027ಕ್ಕೆ ಸ್ಥಳೀಯ ಕೇಸ್ ಸೊನ್ನೆ, 2030ಕ್ಕೆ ಮಲೇರಿಯಾ ನಿರ್ಮೂಲನೆ ಅನ್ನೋ ಗುರಿ ಇದೆ, ಅದನ್ನ ಅಳೆಯೋದೇ ಈ ಒಂದು ಕಾಲಂನಿಂದ.

ಶುರು ಮಾಡೋ ಮುಂಚೆ ಏನೇನು ಬೇಕು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ಸಾಕು, ನಕ್ಷೆಗೆ ಆಮೇಲೆ ಕ್ಯೂಜಿಐಎಸ್ ಹಾಕ್ಕೊಳ್ಳಿ, ಅದು ಫ್ರೀ. ಜಿಪಿಎಸ್ ಬರೋ ಮೊಬೈಲ್ ಒಂದು, ಗೋಡೆಗೆ ಹಾಕೋ ಕ್ಯಾಲೆಂಡರ್ ಒಂದು (ಇದು ನಿಜವಾಗ್ಲೂ ಬೇಕು, ಯಾಕೆ ಅಂತ 4ನೇ ಹಂತದಲ್ಲಿ ಹೇಳ್ತೀನಿ), ತಾಲೂಕಿನ ಎಲ್ಲ ಗ್ರಾಮಗಳ ಸರ್ಕಾರಿ ಕೋಡ್ ಇರೋ ಪಟ್ಟಿ, ತೋಟಗಳ ಪಟ್ಟಿ ಜೊತೆಗೆ ಅಲ್ಲಿನ ರೈಟರ್ ಮತ್ತು ಮೇಸ್ತ್ರಿ ಫೋನ್ ನಂಬರ್. ಇದಕ್ಕಿಂತ ಮುಖ್ಯವಾಗಿ ಹಿಂದಿ, ಬಂಗಾಳಿ, ಅಸ್ಸಾಮಿ ಮಾತಾಡೋ ಒಬ್ಬರು ಜೊತೆಗೆ ಬೇಕು, ಸನ್ನೆ ಮಾಡಿ ಕೇಳಿದ ಪ್ರಯಾಣದ ವಿವರ ಯಾವ ಲೆಕ್ಕಕ್ಕೂ ಬರಲ್ಲ.

ನೀವು ಆರೋಗ್ಯ ಇಲಾಖೆಯವ್ರಲ್ಲ ಅಂದ್ರೆ ಮೊದಲು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ ಹತ್ರ ಲಿಖಿತ ಅನುಮತಿ ತಗೊಳ್ಳಿ. ರೋಗಿಯ ಹೆಸರು, ಫೋನ್ ನಂಬರ್ ಇರೋ ಫೈಲ್ ವಾಟ್ಸಾಪ್ ಗ್ರೂಪ್‌ಗೆ ಹೋಗಲೇಬಾರ್ದು. ಪ್ರತಿ ಕೇಸ್‌ಗೂ ಒಂದು ಐಡಿ ಕೊಡಿ, ಹೆಸರಿರೋ ಪಟ್ಟಿ ಬೇರೆ, ಲೆಕ್ಕದ ಶೀಟ್ ಬೇರೆ. ಇಂತಾ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಇಂತವನಿಗೆ ಮಲೇರಿಯಾ ಅಂತ ಊರಲ್ಲಿ ಗೊತ್ತಾದ್ರೆ ಅವನ ಕೆಲ್ಸ ಹೋಗಬಹುದು, ಆಮೇಲೆ ಜ್ವರ ಬಂದ ಬೇರೆ ಯಾರೂ ನಿಮ್ಮ ಹತ್ರ ಬಾಯಿ ಬಿಡಲ್ಲ.

1. "ಹೊರಗೆ" ಅಂದ್ರೆ ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡಿ

ಗೊಂದಲದ ಅರ್ಧ ಇಲ್ಲೇ ಹುಟ್ಟತ್ತೆ. ದೇಶದ ಮಟ್ಟದಲ್ಲಿ ಇಂಪೋರ್ಟೆಡ್ ಅಂದ್ರೆ ಬೇರೆ ದೇಶದಿಂದ ಬಂದ ಸೋಂಕು. ಆದ್ರೆ ಜಿಲ್ಲೆಯಲ್ಲಿ ಕೂತು ಕೆಲ್ಸ ಮಾಡೋರಿಗೆ ಜಾರ್ಖಂಡ್, ಒಡಿಶಾ ಕೂಡ ಹೊರಗೇ, ಮಂಗಳೂರೂ ಹೊರಗೇ, ಕುಟ್ಟ ದಾಟಿದ್ರೆ ಸಿಗೋ ವಯನಾಡೂ ಹೊರಗೇ. ಒಬ್ಬರು ರಾಜ್ಯದ ಗಡಿ ಹಿಡ್ಕೊಂಡು, ಇನ್ನೊಬ್ಬರು ಜಿಲ್ಲೆ ಗಡಿ ಹಿಡ್ಕೊಂಡು, ಮತ್ತೊಬ್ಬರು ಪಿಎಚ್‌ಸಿ ವ್ಯಾಪ್ತಿ ಹಿಡ್ಕೊಂಡು ಬರೆದ ಶೀಟ್‌ಗಳನ್ನ ಕೂಡಿಸಿದ್ರೆ ಬರೋ ಮೊತ್ತಕ್ಕೆ ಅರ್ಥವೇ ಇಲ್ಲ.

ಶೀಟ್‌ನ ಮೊದಲ ಪುಟದಲ್ಲೇ ಒಂದು ಸಾಲು ಬರೆದಿಡಿ: "ಈ ಲೆಕ್ಕದಲ್ಲಿ ಹೊರಗೆ ಅಂದ್ರೆ ಕೊಡಗು ಜಿಲ್ಲೆಯ ಹೊರಗೆ." ತಾಲೂಕಿಂದ ತಾಲೂಕಿಗೆ ಹೋಗಿದ್ರೆ, ಉದಾಹರಣೆಗೆ ಸೋಮವಾರಪೇಟೆ ಕಡೆ ಸೋಂಕು ತಗುಲಿ ವಿರಾಜಪೇಟೆಯಲ್ಲಿ ಪತ್ತೆಯಾದ್ರೆ, ಅದು ಜಿಲ್ಲೆಗೆ ಸ್ಥಳೀಯ ಕೇಸೇ. ಪೊನ್ನಂಪೇಟೆ ಮತ್ತು ಕುಶಾಲನಗರ ಈಗ ಬೇರೆ ತಾಲೂಕು, ಹಳೇ ಫೈಲ್‌ಗಳಲ್ಲಿ ಅವೆರಡೂ ವಿರಾಜಪೇಟೆ, ಸೋಮವಾರಪೇಟೆ ಒಳಗೇ ಇರತ್ತೆ, ಹಾಗಾಗಿ ಹಳೇ ವರ್ಷಗಳ ಜೊತೆ ಹೋಲಿಸೋಕೆ ತಾಲೂಕಿನ ಹೆಸರು ನಂಬ್ಕೋಬೇಡಿ, ಗ್ರಾಮದ ಕೋಡ್ ಹಿಡಿದು ಕೂಡಿಸಿ.

2. ಲೈನ್ ಲಿಸ್ಟ್: ಮೂರು ಊರು, ನಾಕು ದಿನಾಂಕ

ಒಂದು ಕೇಸ್‌ಗೆ ಒಂದು ಸಾಲು. ವಯಸ್ಸು, ಲಿಂಗ, ಕೆಲಸ, ಪರಾವಲಂಬಿ ಯಾವುದು (ವೈವಾಕ್ಸ್, ಫಾಲ್ಸಿಪಾರಂ, ಮಿಶ್ರ), ಟೆಸ್ಟ್ ಯಾವುದು, ಇವೆಲ್ಲ ಎಲ್ಲರೂ ಹಾಕ್ತಾರೆ. ಬಿಟ್ಟುಹೋಗೋದು ಊರು ಮತ್ತು ದಿನಾಂಕ.

ಊರಿಗೆ ಒಂದು ಕಾಲಂ ಸಾಲಲ್ಲ, ಮೂರು ಬೇಕು. ಪತ್ತೆಯಾದ ಊರು, ವಾಸ ಇರೋ ಊರು, ಸೋಂಕು ತಗುಲಿರಬಹುದಾದ ಊರು. ಗೋಣಿಕೊಪ್ಪದವರು ಮೈಸೂರಿನ ಆಸ್ಪತ್ರೆಗೆ ಹೋಗಿ ಅಲ್ಲಿ ಪಾಸಿಟಿವ್ ಆದ್ರೆ ಪತ್ತೆ ಮೈಸೂರು, ವಾಸ ಗೋಣಿಕೊಪ್ಪ. ಸೋಂಕಿನ ಊರು ಸದ್ಯಕ್ಕೆ ಖಾಲಿ ಬಿಡಿ, ಅದು 5ನೇ ಹಂತದಲ್ಲಿ ತುಂಬೋದು.

ದಿನಾಂಕ ನಾಕು: ಜ್ವರ ಶುರುವಾದ ದಿನ, ರಕ್ತ ತೆಗೆದ ದಿನ, ರಿಸಲ್ಟ್ ಬಂದ ದಿನ, ಚಿಕಿತ್ಸೆ ಶುರುವಾದ ದಿನ. ಇವುಗಳಲ್ಲಿ ಮೊದಲನೇದೇ ಇಡೀ ಲೆಕ್ಕದ ಬೇರು, ಮತ್ತೆ ಅದೇ ಹೆಚ್ಚಾಗಿ ಖಾಲಿ ಇರೋದು. ಎಕ್ಸೆಲ್‌ನಲ್ಲಿ 05/08 ಅಂತ ಟೈಪ್ ಮಾಡಿದ್ರೆ ಕೆಲವು ಕಂಪ್ಯೂಟರ್ ಅದನ್ನ ಆಗಸ್ಟ್ 5 ಅನ್ಕೊಳತ್ತೆ, ಕೆಲವು ಮೇ 8 ಅನ್ಕೊಳತ್ತೆ, ಮಳೆಗಾಲದ ಕೇಸ್ ಬೇಸಿಗೆಗೆ ಹಾರೋದು ಹೀಗೇ. ತಿಂಗಳನ್ನ ಅಕ್ಷರದಲ್ಲಿ ಬರೀರಿ. ಊರಿನ ಹೆಸರಿಗೆ ಡ್ರಾಪ್‌ಡೌನ್ ಹಾಕಿ, ಇಲ್ದಿದ್ರೆ ಸುಂಟಿಕೊಪ್ಪ ಒಂದೇ ಊರು ನಾಲ್ಕು ಥರ ಸ್ಪೆಲ್ಲಿಂಗ್‌ನಲ್ಲಿ ನಾಲ್ಕು ಊರಾಗತ್ತೆ.

ತೋಟದ ವಿಳಾಸದಲ್ಲೂ ಹುಷಾರು. ದೊಡ್ಡ ತೋಟ ಎರಡು ಪಂಚಾಯ್ತಿಗೆ ಹರಡಿರತ್ತೆ, ವಿಳಾಸ ಬಂಗಲೆಯದ್ದು ಇರತ್ತೆ, ರೋಗಿ ಮಲಗೋ ಲೈನ್ ಮನೆ ಅಲ್ಲಿಂದ ಒಂದೆರಡು ಕಿಲೋಮೀಟರ್ ಆಚೆ ಹೊಳೆ ಪಕ್ಕ ಇರತ್ತೆ. ಜಿಪಿಎಸ್ ಪಾಯಿಂಟ್ ತಗೋಬೇಕಾದ್ದು ಲೈನ್ ಮನೆಯದ್ದು.

3. ಕೇಸ್‌ಗಳನ್ನ ಎಲ್ಲಾ ಕಡೆಯಿಂದ ಕೂಡಿಸಿ, ಡಬಲ್ ಆಗಿದ್ದು ತೆಗೀರಿ

ಪಿಎಚ್‌ಸಿ ಲ್ಯಾಬ್ ರಿಜಿಸ್ಟರ್, ತಾಲೂಕು ಮತ್ತು ಜಿಲ್ಲಾಸ್ಪತ್ರೆ, ಪ್ರೈವೇಟ್ ಲ್ಯಾಬ್, ತೋಟದ ಡಿಸ್ಪೆನ್ಸರಿ, ಆಶಾ ಕಿಟ್‌ನಲ್ಲಿ ಆದ ಟೆಸ್ಟ್. ಮಲೇರಿಯಾ ಕರ್ನಾಟಕದಲ್ಲಿ ನೋಟಿಫೈ ಮಾಡ್ಲೇಬೇಕಾದ ಕಾಯಿಲೆ, ಪ್ರೈವೇಟ್‌ನವರು ತಿಳಿಸಲೇಬೇಕು, ಆದ್ರೂ ವಾರಕ್ಕೊಂದು ಸಲ ನೀವೇ ಫೋನ್ ಮಾಡಿ ಕೇಳಿ, ಕೇಸ್ ಇಲ್ಲ ಅಂದ್ರೆ "ಸೊನ್ನೆ" ಅಂತಲೇ ಬರೀರಿ, ಖಾಲಿ ಬಿಡಬೇಡಿ. ವರದಿ ಬರದ ವಾರಕ್ಕೂ ಕೇಸೇ ಇಲ್ಲದ ವಾರಕ್ಕೂ ವ್ಯತ್ಯಾಸ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಒಬ್ಬನೇ ಮನುಷ್ಯ ಮೊದಲು ಪಿಎಚ್‌ಸಿಯಲ್ಲಿ, ಎರಡು ದಿನ ಬಿಟ್ಟು ಮಡಿಕೇರಿಯಲ್ಲಿ ಟೆಸ್ಟ್ ಮಾಡಿಸ್ಕೊಂಡ್ರೆ ಅದು ಒಂದೇ ಕೇಸ್. ವೈವಾಕ್ಸ್, ಫಾಲ್ಸಿಪಾರಂ ಎರಡೂ ಒಟ್ಟಿಗೆ ಸಿಕ್ರೆ ಅದೂ ಒಂದೇ, ಮಿಶ್ರ. ಇನ್ನೊಂದು ಬಲೆ ರ‍್ಯಾಪಿಡ್ ಕಿಟ್‌ನದ್ದು. ಫಾಲ್ಸಿಪಾರಂ ಹಿಡಿಯೋ ಕಿಟ್ ನೋಡೋದು ಎಚ್‌ಆರ್‌ಪಿ-2 ಅನ್ನೋ ಪ್ರೋಟೀನ್, ಅದು ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಇರತ್ತೆ, ಹಾಗಾಗಿ ಚಿಕಿತ್ಸೆ ಮುಗಿದ ಮೂರನೇ ವಾರ ಕಿಟ್ ಪಾಸಿಟಿವ್ ಬಂದ್ರೆ ಹೊಸ ಕೇಸ್ ಅಂತ ಸೇರಿಸಬೇಡಿ, ಸ್ಲೈಡ್ (ರಕ್ತ ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು) ಮಾಡ್ಸಿ. ಫಾಲೋ ಅಪ್‌ಗೆ ಯಾವಾಗ್ಲೂ ಸ್ಲೈಡೇ.

4. ಪ್ರಯಾಣದ ವಿವರ: "ಹೌದು/ಇಲ್ಲ" ಅಲ್ಲ, ದಿನಾಂಕ

"ಹೊರಗೆ ಹೋಗಿದ್ರಾ?" ಅಂತ ಕೇಳಿ "ಹೌದು" ಅಂತ ಟಿಕ್ ಹಾಕಿದ ಫಾರಂ ಇದ್ದೂ ಇಲ್ದಂಗೆ. ಯಾವ ಊರಿಗೆ, ಯಾವತ್ತು ಹೊರಟ್ರಿ, ಅಲ್ಲಿ ಎಷ್ಟು ರಾತ್ರಿ ಮಲಗಿದ್ರಿ, ಯಾವತ್ತು ವಾಪಸ್ ಬಂದ್ರಿ. ರಾತ್ರಿ ಅನ್ನೋದು ಮುಖ್ಯ, ಮಲೇರಿಯಾ ಹರಡೋ ಅನಾಫಿಲಿಸ್ ಸೊಳ್ಳೆ ಕಚ್ಚೋದು ಸಂಜೆಯಿಂದ ಬೆಳಗಿನ ಜಾವದವರೆಗೆ. ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಬಸ್ಸಿಗೆ ಬಂದವರಿಗೂ ಅಲ್ಲಿ ಕಟ್ಟಡದ ಸೈಟ್‌ನಲ್ಲಿ ಹತ್ತು ರಾತ್ರಿ ಮಲಗಿದವರಿಗೂ ತುಂಬಾ ವ್ಯತ್ಯಾಸ.

ಎಷ್ಟು ಹಿಂದಕ್ಕೆ ಕೇಳ್ಬೇಕು? ಫಾಲ್ಸಿಪಾರಂ ಆದ್ರೆ ಜ್ವರಕ್ಕಿಂತ ಹಿಂದಿನ ಒಂದು ತಿಂಗಳು ದಿನ ದಿನವೂ ಬೇಕು, ಅದಕ್ಕಿಂತ ಹಿಂದಿನ ಕೆಲವು ತಿಂಗಳು ಸ್ಥೂಲವಾಗಿ ಸಾಕು. ವೈವಾಕ್ಸ್ ಆದ್ರೆ ಪೂರ್ತಿ ಒಂದು ವರ್ಷ. ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಎದ್ದು ಬರತ್ತೆ, ಅದಕ್ಕೇ ಈ ಪ್ರಶ್ನೆಗಳೂ ಬೇಕು: ಕಳೆದ ವರ್ಷ ಚಳಿ ಜ್ವರ ಬಂದಿತ್ತಾ, ಆಗ ರಕ್ತ ಪರೀಕ್ಷೆ ಆಗಿತ್ತಾ, 14 ದಿನ ನುಂಗೋ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ರಾ, ಪೂರ್ತಿ ಮುಗಿಸಿದ್ರಾ. ಮೂರನೇ ದಿನಕ್ಕೆ ಜ್ವರ ಬಿಡತ್ತೆ, ಮಾತ್ರೆ ಅಲ್ಲಿಗೇ ನಿಲ್ಸಿರ್ತಾರೆ, ಬೈಯೋ ದನಿಯಲ್ಲಿ ಕೇಳಿದ್ರೆ "ಎಲ್ಲ ತಗೊಂಡೆ ಸಾರ್" ಅಂತಲೇ ಹೇಳ್ತಾರೆ. ಮನೆಯಲ್ಲಿ ಉಳಿದ ಮಾತ್ರೆ ಇದ್ರೆ ತೋರಿಸಿ ಅಂತ ಮೆತ್ತಗೆ ಕೇಳಿ.

ದಿನಾಂಕ ನೆನಪಿರಲ್ಲ ಅನ್ನೋದು ಸಹಜ. ಅದಕ್ಕೇ ಆ ಗೋಡೆ ಕ್ಯಾಲೆಂಡರ್. ಇಲ್ಲಿಯವರಿಗೆ ಕೈಲ್ ಪೊಳ್ದ್ ಮುಂಚೆನಾ ಆಮೇಲಾ, ಕಾವೇರಿ ಸಂಕ್ರಮಣಕ್ಕೆ ಎಲ್ಲಿದ್ರಿ, ಹುತ್ತರಿಗೆ ಊರಲ್ಲಿದ್ರಾ ಅಂತ ಕೇಳಿದ್ರೆ ಪಟ್ ಅಂತ ಹೇಳ್ತಾರೆ. ಹೊರಗಿನ ಕಾರ್ಮಿಕರಿಗೆ ದುರ್ಗಾಪೂಜೆ, ಬಿಹು, ಈದ್, ಅವರ ಊರಿನ ಎಲೆಕ್ಷನ್. ಇನ್ನೊಂದು ಗಟ್ಟಿ ಆಧಾರ ತೋಟದ ಚೆಕ್ ರೋಲ್, ಅಂದ್ರೆ ಹಾಜರಿ ಪುಸ್ತಕ, ಅವನ ಹೆಸರು ಯಾವ ದಿನದಿಂದ ಶುರುವಾಗಿದೆ, ನಡುವೆ ಯಾವ ವಾರ ಗೈರು ಅನ್ನೋದು ಅಲ್ಲಿರತ್ತೆ. ಕೊಡಗಿಗೆ ರೈಲಿಲ್ಲ, ಅವರು ಮೈಸೂರು, ಬೆಂಗಳೂರು, ಮಂಗಳೂರಿನ ತನಕ ರೈಲಲ್ಲಿ ಬಂದು ಬಸ್ ಹತ್ತಿರ್ತಾರೆ, ಮೊಬೈಲ್‌ನಲ್ಲಿ ಟಿಕೆಟ್ ಮೆಸೇಜ್ ಇನ್ನೂ ಇರತ್ತೆ, ತೋರಿಸ್ತೀರಾ ಅಂತ ಕೇಳಿ.

ನಮ್ಮವರ ಪ್ರಯಾಣ ಕೇಳೋದನ್ನೂ ಮರೀಬೇಡಿ. ಈಶಾನ್ಯ ರಾಜ್ಯಗಳಲ್ಲಿ ಡ್ಯೂಟಿ ಮಾಡಿ ರಜೆಗೆ ಬಂದ ಸೈನಿಕರು, ಮಂಗಳೂರಿನಲ್ಲಿ ಓದೋ ಮಕ್ಕಳು, ಅಲ್ಲಿಗೆ ಗಾರೆ ಕೆಲಸಕ್ಕೆ ಹೋಗಿ ಬರೋರು, ವಯನಾಡಿನ ನೆಂಟರ ಮನೆಗೆ ಹೋಗಿ ಬರೋ ಹಾಡಿಯ (ಆದಿವಾಸಿಗಳ ಕೇರಿ) ಜನ. ಮಲೇರಿಯಾ ಯಾರ ಆಧಾರ್ ಕಾರ್ಡೂ ನೋಡಲ್ಲ.

ಯಾವಾಗ ಹೋಗ್ಬೇಕು ಅನ್ನೋದೂ ಲೆಕ್ಕ. ಹಗಲು ಹತ್ತು ಗಂಟೆಗೆ ಹೋದ್ರೆ ಲೈನ್ ಮನೆಯಲ್ಲಿ ಯಾರೂ ಇರಲ್ಲ, ಎಲ್ಲ ತೋಟದಲ್ಲಿ. ಸಿದ್ದಾಪುರ, ವಿರಾಜಪೇಟೆ ಕಡೆ ಆನೆ ಓಡಾಡೋ ಜಾಗದಲ್ಲಿ ಕತ್ತಲಾದ ಮೇಲೆ ಹೋಗೋದು ಕ್ಷೇಮ ಅಲ್ಲ. ಬೆಳಿಗ್ಗೆ ಹಾಜರಿ ತಗೊಳ್ಳೋ ಹೊತ್ತು ಅಥವಾ ರಜಾ ದಿನ ಸರಿ, ರೈಟರ್‌ಗೆ ಮುಂಚೆ ಹೇಳಿಡಿ, ಆದ್ರೆ ಪ್ರಶ್ನೆ ಕೇಳುವಾಗ ರೈಟರ್, ಮೇಸ್ತ್ರಿ ಪಕ್ಕದಲ್ಲಿ ನಿಂತಿರೋದು ಬೇಡ.

5. ಈಗ ತೀರ್ಮಾನ: ದಿನ ಎಣಿಸಿ

ಕಚ್ಚಿದ ದಿನದಿಂದ ಜ್ವರ ಬರೋ ತನಕ ಫಾಲ್ಸಿಪಾರಂಗೆ ಸಾಮಾನ್ಯವಾಗಿ 7ರಿಂದ 14 ದಿನ, ವೈವಾಕ್ಸ್‌ಗೆ 12ರಿಂದ 18 ದಿನ, ಕೆಲವು ವೈವಾಕ್ಸ್‌ಗೆ ತಿಂಗಳುಗಳೇ ಹಿಡಿಯತ್ತೆ. ಈ ಅಂತರವನ್ನ ಪ್ರಯಾಣದ ದಿನಾಂಕದ ಮೇಲೆ ಇಟ್ಟು ನೋಡಿ. ಉದಾಹರಣೆಗಳಲ್ಲೇ ಹೇಳ್ತೀನಿ.

ಜಾರ್ಖಂಡ್‌ನಿಂದ ನವೆಂಬರ್ 20ಕ್ಕೆ ಸುಂಟಿಕೊಪ್ಪಕ್ಕೆ ಬಂದವನಿಗೆ 24ಕ್ಕೆ ಜ್ವರ, ಫಾಲ್ಸಿಪಾರಂ. ನಾಕೇ ದಿನ, ಇಲ್ಲಿ ತಗುಲೋಕೆ ಸಾಧ್ಯ ಇಲ್ಲ, ಇಂಪೋರ್ಟೆಡ್, ಸಂಶಯವೇ ಇಲ್ಲ.

ವಿರಾಜಪೇಟೆಯವರು ಮಂಗಳೂರಿಗೆ ಮದುವೆಗೆ ಹೋದ್ರು, ಮೂರನೇ ದಿನ ಚಳಿ ಜ್ವರ, ಅಲ್ಲೇ ವೈವಾಕ್ಸ್ ಪಾಸಿಟಿವ್. ಎಲ್ಲರೂ "ಮಂಗಳೂರು ಅಲ್ವಾ" ಅಂತ ಇಂಪೋರ್ಟೆಡ್ ಬರೀತಾರೆ. ಮೂರು ದಿನಕ್ಕೆ ಬರಲ್ಲ. ಅದರ ಹಿಂದಿನ ವಾರಗಳಲ್ಲಿ ಅವರು ಮನೆಯಲ್ಲೇ ಇದ್ರು, ಹಿಂದೆ ಮಲೇರಿಯಾ ಬಂದಿರಲಿಲ್ಲ, ವರ್ಷದಲ್ಲಿ ಬೇರೆಲ್ಲೂ ಹೋಗಿಲ್ಲ ಅಂದ್ರೆ ಇದು ಕೊಡಗಿನ ಸ್ಥಳೀಯ ಕೇಸ್, ಪತ್ತೆ ಎಲ್ಲಾದ್ರೂ ಆಗ್ಲಿ.

ಅದೇ ಮಂಗಳೂರಿನ ಹಾಸ್ಟೆಲ್‌ನಿಂದ ರಜೆಗೆ ಮಡಿಕೇರಿಗೆ ಬಂದ ಹುಡುಗನಿಗೆ ಐದನೇ ದಿನ ವೈವಾಕ್ಸ್ ಬಂದ್ರೆ ಅದು ಇಂಪೋರ್ಟೆಡ್, ಅವನು ಹುಟ್ಟಿ ಬೆಳೆದಿದ್ದು ಮಡಿಕೇರಿ ಆದ್ರೂ.

ಅಸ್ಸಾಂನವನು ಜನವರಿಯಲ್ಲಿ ಬಂದು ಸಿದ್ದಾಪುರದ ಲೈನ್ ಮನೆಯಲ್ಲಿದ್ದಾನೆ, ಮಧ್ಯೆ ಊರಿಗೆ ಹೋಗಿಲ್ಲ, ಅಕ್ಟೋಬರ್‌ನಲ್ಲಿ ಫಾಲ್ಸಿಪಾರಂ. ಫಾಲ್ಸಿಪಾರಂ ಲಿವರ್‌ನಲ್ಲಿ ಅಡಗಿ ಕೂರಲ್ಲ. ಒಂಬತ್ತು ತಿಂಗಳ ಹಿಂದಿನ ಊರನ್ನ ಹಿಡ್ಕೊಂಡು ಇಂಪೋರ್ಟೆಡ್ ಅನ್ನೋದು ಮನುಷ್ಯನ ಮುಖ ನೋಡಿ ಬರೆದ ಹಾಗೆ, ಇದನ್ನ ಸ್ಥಳೀಯ ಅಂತಲೇ ಹಿಡಿದು ಸುತ್ತಮುತ್ತ ಹುಡುಕ್ಬೇಕು. ಒಂದು ತೊಡಕು ಇದೆ, ಮಲೇರಿಯಾ ಜಾಸ್ತಿ ಇರೋ ಊರಿಂದ ಬಂದವರಲ್ಲಿ ಕೆಲವರ ಮೈಯಲ್ಲಿ ಜ್ವರವೇ ಇಲ್ಲದೆ ಪರಾವಲಂಬಿ ಕೆಲ ಕಾಲ ಇರಬಹುದು, ಹಾಗಾಗಿ ಬಂದು ಎರಡು ಮೂರು ತಿಂಗಳಾದವರ ಫಾಲ್ಸಿಪಾರಂ ಕೇಸ್ ನಿಜಕ್ಕೂ ಕಷ್ಟದ್ದು. ಅಲ್ಲಿ ಅವನ ಜೊತೆ ಬಂದವರ ಟೆಸ್ಟ್ ಮತ್ತು ಎಲ್ಲೂ ಹೋಗದ ಅಕ್ಕಪಕ್ಕದವರ ಟೆಸ್ಟ್, ಎರಡೂ ನೋಡಿ ತೀರ್ಮಾನಕ್ಕೆ ಬನ್ನಿ.

ಒಡಿಶಾದಿಂದ ಡಿಸೆಂಬರ್‌ನಲ್ಲಿ ಬಂದವನಿಗೆ ಮೇನಲ್ಲಿ ವೈವಾಕ್ಸ್, ಊರಲ್ಲಿ ಹೋದ ವರ್ಷ ಇದೇ ಜ್ವರ ಬಂದಿತ್ತು, ಮಾತ್ರೆ ಪೂರ್ತಿ ನುಂಗಿಲ್ಲ. ಇದು ಮರುಕಳಿಕೆ. "ಮರುಕಳಿಕೆ" ಅಂತಲೇ ಬೇರೆ ಬರೀರಿ, ಮೂಲ ಒಡಿಶಾ ಅಂತ ಪಕ್ಕದಲ್ಲಿ ಹಾಕಿ. ಮೂಲ ಸೋಂಕು ಕೊಡಗಲ್ಲೇ ಆಗಿದ್ರೆ ಅದನ್ನೂ ಮರುಕಳಿಕೆ ಅಂತಲೇ ಬರೀರಿ, ಹೊಸ ಸ್ಥಳೀಯ ಸೋಂಕು ಅಂತ ಎರಡನೇ ಸಲ ಎಣಿಸ್ಬೇಡಿ.

ಇನ್ನು ಒಂದು ಕೇಸ್‌ನಿಂದ ಇನ್ನೊಂದಕ್ಕೆ ಹರಡಿದೆಯಾ ಅನ್ನೋದು. ಸೊಳ್ಳೆಯೊಳಗೆ ಪರಾವಲಂಬಿ ಬೆಳೆಯೋಕೆ 25 ಡಿಗ್ರಿ ಸುಮಾರಿಗೆ 10ರಿಂದ 14 ದಿನ ಬೇಕು, ಚಳಿ ಇದ್ರೆ ಇನ್ನೂ ನಿಧಾನ, ಅದರ ಮೇಲೆ ಎರಡನೇ ಮನುಷ್ಯನಲ್ಲಿ ಜ್ವರ ಬರೋಕೆ ಮತ್ತೊಂದು ವಾರದಿಂದ ಎರಡೂವರೆ ವಾರ. ಹಾಗಾಗಿ ಎರಡು ಜ್ವರದ ನಡುವೆ ಸುಮಾರು ಮೂರು ವಾರಕ್ಕಿಂತ ಕಡಿಮೆ ಇದ್ರೆ ಸಾಮಾನ್ಯವಾಗಿ ಒಬ್ಬನಿಂದ ಇನ್ನೊಬ್ಬನಿಗೆ ಹರಡಿದ್ದಲ್ಲ. ಒಂದೇ ಮನೆಯ ಅಣ್ಣ ತಂಗಿಗೆ ಐದು ದಿನದ ಅಂತರದಲ್ಲಿ ಬಂದ್ರೆ ಇಬ್ಬರಿಗೂ ಒಂದೇ ಕಡೆ ತಗುಲಿದೆ ಅಂತ ಅರ್ಥ. ಇಂಪೋರ್ಟೆಡ್ ಕೇಸ್ ಇದ್ದ ಲೈನ್‌ನಲ್ಲೇ, ಎಲ್ಲೂ ಹೋಗದವರಿಗೆ, ನಾಕೈದು ವಾರದ ಮೇಲೆ ಅದೇ ಜಾತಿಯ ಮಲೇರಿಯಾ ಬಂದ್ರೆ ಅದು ಹೊರಗಿನ ಕೇಸ್‌ನಿಂದ ಆದ ಮೊದಲ ಪೀಳಿಗೆಯ ಹರಡಿಕೆ, ಇದಕ್ಕೆ ಪ್ರತ್ಯೇಕ ಗುರುತು ಕೊಡಿ, ಮೂಲ ಕೇಸ್‌ನ ಐಡಿ ಪಕ್ಕದಲ್ಲಿ ಬರೀರಿ. ತಗುಲಿದ್ದು ಇಲ್ಲೇ ಅನ್ನೋದನ್ನ ಮಾತ್ರ ಮರೀಬೇಡಿ, ಸೊಳ್ಳೆ ಇಲ್ಲಿದ್ದೇ.

ರಕ್ತ ಕೊಟ್ಟಾಗ ಬಂದಿದ್ದು, ತಾಯಿಯಿಂದ ಹಸುಗೂಸಿಗೆ ಬಂದಿದ್ದು ಅಪರೂಪ, ಬಂದ್ರೆ ಅದಕ್ಕೊಂದು ಬೇರೆ ಗುರುತು ಸಾಕು.

ಆಧಾರ ಸಾಲದೆ ಹೋದ್ರೆ? "ತೀರ್ಮಾನ ಆಗಿಲ್ಲ" ಅಂತ ಬರೆದು, ಕೆಲ್ಸದಲ್ಲಿ ಮಾತ್ರ ಅದನ್ನ ಸ್ಥಳೀಯ ಕೇಸ್ ಥರವೇ ನೋಡಿ. ಸಂಶಯದ ಲಾಭ ಯಾವತ್ತೂ ಇಂಪೋರ್ಟೆಡ್ ಕಡೆಗೆ ಹೋಗಬಾರ್ದು. ಪ್ರತಿ ತೀರ್ಮಾನದ ಪಕ್ಕ ಒಂದು ವಾಕ್ಯ ಕಾರಣ ಬರೀರಿ, ಆರು ತಿಂಗಳ ಮೇಲೆ ಬೇರೆಯವರು ಓದಿದ್ರೂ ಯಾಕೆ ಅಂತ ತಿಳೀಬೇಕು.

6. ಜಾಗಕ್ಕೆ ಹೋಗಿ: 1, 3, 7

ಪಾಸಿಟಿವ್ ಬಂದ 1 ದಿನದೊಳಗೆ ತಿಳಿಸೋದು, 3 ದಿನದೊಳಗೆ ಮೇಲಿನ ವಿಚಾರಣೆ ಮುಗಿಸೋದು, 7 ದಿನದೊಳಗೆ ಆ ಜಾಗದಲ್ಲಿ ಕ್ರಮ ತಗೊಳ್ಳೋದು. ಚೀನಾದಲ್ಲಿ ಬಳಸಿದ ಕ್ರಮ ಇದು, ಈಗ ಬೇರೆ ಕಡೆಗಳಲ್ಲೂ ಬಳಕೆಯಲ್ಲಿದೆ. ನಿಮ್ಮ ಶೀಟ್‌ನಲ್ಲಿ ಈ ಮೂರಕ್ಕೂ ಆದ ದಿನಾಂಕ ಹಾಕಿ, ಎಲ್ಲಿ ತಡ ಆಗ್ತಿದೆ ಅಂತ ತಾನಾಗೇ ಕಾಣತ್ತೆ.

ಅಲ್ಲಿ ಹೋದಾಗ ಜ್ವರ ಇರಲಿ ಇಲ್ದಿರಲಿ ಮನೆಯವರು, ಅಕ್ಕಪಕ್ಕದ ಮನೆಯವರು, ಜೊತೆಗೆ ಬಂದವರು ಎಲ್ಲರ ಟೆಸ್ಟ್ ಆಗ್ಬೇಕು. ಸುತ್ತ ನೀರು ನೋಡಿ, ಅನಾಫಿಲಿಸ್‌ನಲ್ಲೇ ಒಂದೊಂದು ಜಾತಿಗೆ ಒಂದೊಂದು ಥರದ ನೀರು. ತೊರೆಯ ಅಂಚಿನ ಹುಲ್ಲಿನಲ್ಲಿ ನಿಧಾನಕ್ಕೆ ಹರಿಯೋ ತಿಳಿನೀರು ಫ್ಲುವಿಯಾಟಿಲಿಸ್‌ಗೆ ಇಷ್ಟ, ಓವರ್‌ಹೆಡ್ ಟ್ಯಾಂಕ್, ಸಂಪು, ಕಟ್ಟಡ ಕಟ್ಟೋ ಕಡೆ ನಿಲ್ಲಿಸಿದ ನೀರು ಸ್ಟೀಫೆನ್ಸಿಗೆ, ಕಾಲುವೆ ಮತ್ತು ನಿಂತ ಹೊಂಡ ಕ್ಯುಲಿಸಿಫೇಸಿಸ್‌ಗೆ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮವಾಗಿ ಮಲಗಿರತ್ತೆ, ಬೇರೆ ಜಾತಿಯ ಸೊಳ್ಳೆಯಾದ ಕ್ಯೂಲೆಕ್ಸ್‌ನ ಮರಿ ತಲೆಕೆಳಗಾಗಿ ಓರೆಯಾಗಿ ತೂಗಾಡ್ತಿರತ್ತೆ, ಬಿಳಿ ಬಟ್ಟಲಲ್ಲಿ ನೀರು ತೆಗೆದು ನೋಡಿದ್ರೆ ಗೊತ್ತಾಗತ್ತೆ. ಸಿಕ್ಕಿತಾ ಇಲ್ವಾ ಎರಡನ್ನೂ ಬರೀರಿ. ಜೂನ್ ಜುಲೈನ ಜಡಿಮಳೆಗೆ ತೊರೆಯ ಮರಿಗಳು ಕೊಚ್ಚಿ ಹೋಗಿರ್ತವೆ, ಆ ಹೊತ್ತಲ್ಲಿ ಸಿಗಲಿಲ್ಲ ಅಂತ ವರ್ಷವಿಡೀ ಇಲ್ಲ ಅಂದ್ಕೋಬೇಡಿ, ಮಳೆ ಇಳಿದ ಮೇಲೆ ಮತ್ತೆ ಹೋಗಿ.

ಯಾರಿಗಾದ್ರೂ ಗೊಂದಲದ ಮಾತು, ಫಿಟ್ಸ್, ಕಪ್ಪು ಮೂತ್ರ, ಉಸಿರಾಟದ ತೊಂದ್ರೆ ಕಂಡ್ರೆ ಫಾರಂ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಸಾಗಿಸಿ. ಪ್ರೈಮಾಕ್ವಿನ್ ನೀವಾಗಿ ಹಂಚಬೇಡಿ, ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ಅದು ಅಪಾಯ, ಅದು ಡಾಕ್ಟರ್ ನಿರ್ಧಾರ.

7. ಟೆಸ್ಟ್ ಎಷ್ಟಾಯ್ತು ಅನ್ನೋದನ್ನ ಜೊತೆಗೇ ಇಡಿ

ಕೇಸ್ ಇಳಿದಿದೆ ಅಂತ ಖುಷಿಪಡೋ ಮುಂಚೆ ಟೆಸ್ಟ್ ಇಳಿದಿದೆಯಾ ನೋಡಿ. ವರ್ಷಕ್ಕೆ ಜನಸಂಖ್ಯೆಯ 10% ರಕ್ತ ಪರೀಕ್ಷೆ ಆಗ್ಬೇಕು ಅನ್ನೋದು ಹಳೇ ಅಳತೆ. 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519, ಅದರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 55,450 ಟೆಸ್ಟ್, ತಿಂಗಳಿಗೆ 4,600 ಮೇಲೆ. ಈಗ ಕಾಫಿ ಕೊಯ್ಲಿಗೆ ಬರೋ ಕಾರ್ಮಿಕರು ಎಷ್ಟು ಅನ್ನೋದು ಈ ಸಂಖ್ಯೆಯಿಂದ ಗೊತ್ತಾಗಲ್ಲ, ಹಾಗಾಗಿ ತೋಟದ ಚೆಕ್ ರೋಲ್‌ನಿಂದ ಅವರ ಸಂಖ್ಯೆ ಬೇರೆ ತಗೊಂಡು ಅವರ ಟೆಸ್ಟ್ ಬೇರೆ ಲೆಕ್ಕ ಹಾಕಿ.

ಎಪಿಐ ಅಂದ್ರೆ ವರ್ಷದಲ್ಲಿ ಸಾವಿರ ಜನಕ್ಕೆ ಎಷ್ಟು ಪಾಸಿಟಿವ್. ಇದು 1ಕ್ಕಿಂತ ಕಡಿಮೆ ಇದ್ರೆ ಒಳ್ಳೇದು ಅಂತ ಎಲ್ಲ ಕಡೆ ಹೇಳ್ತಾರೆ, ಆದ್ರೆ ನಮ್ಮ ಜಿಲ್ಲೆಯಲ್ಲಿ 554 ಕೇಸ್ ಬಂದ್ರೂ ಎಪಿಐ 1 ಮುಟ್ಟಲ್ಲ! ಐದು ಕೇಸ್ ಬಂದ್ರೆ 0.009. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಎಪಿಐ ಏನೂ ಹೇಳಲ್ಲ, ಸುಮ್ನೆ ಕೇಸ್ ಎಷ್ಟು, ಅದರಲ್ಲಿ ಸ್ಥಳೀಯ ಎಷ್ಟು ಅಂತ ನೇರ ಸಂಖ್ಯೆ ಬರೀರಿ.

8. ಗ್ರಾಫ್, ನಕ್ಷೆ

ತಿಂಗಳಿಗೆ ಒಂದು ಕಂಬ, ಅದರೊಳಗೆ ಬಣ್ಣ ಬೇರೆ ಬೇರೆ: ಸ್ಥಳೀಯ, ಇಂಪೋರ್ಟೆಡ್, ಮರುಕಳಿಕೆ, ತೀರ್ಮಾನ ಆಗಿಲ್ಲ. ತಿಂಗಳು ಹಿಡಿಯೋದು ಜ್ವರ ಶುರುವಾದ ದಿನದಿಂದ, ರಿಪೋರ್ಟ್ ಬಂದ ದಿನದಿಂದಲ್ಲ. ಕೆಳಗೆ ಟೆಸ್ಟ್ ಸಂಖ್ಯೆಯ ಗೆರೆ. ಹೋದ ತಿಂಗಳ ಜೊತೆ ಹೋಲಿಸ್ಬೇಡಿ, ಹಿಂದಿನ ಐದು ವರ್ಷಗಳ ಅದೇ ತಿಂಗಳ ಜೊತೆ ಹೋಲಿಸಿ.

ಸರ್ಕಾರಿ ಲೆಕ್ಕ ಜನವರಿಯಿಂದ ಡಿಸೆಂಬರ್. ನಮ್ಮ ಕಾಫಿ ಕೊಯ್ಲು ನವೆಂಬರ್‌ನಿಂದ ಮಾರ್ಚ್, ಮಧ್ಯದಲ್ಲಿ ವರ್ಷ ಕಡಿದುಹೋಗತ್ತೆ. ವರದಿಗೆ ಕ್ಯಾಲೆಂಡರ್ ವರ್ಷವೇ ಇರಲಿ, ನಿಮಗೋಸ್ಕರ ಜೂನ್‌ನಿಂದ ಮೇ ತನಕ ಇನ್ನೊಂದು ಗ್ರಾಫ್ ಮಾಡಿ, ಕಾರ್ಮಿಕರು ಬರೋ ಅಲೆ ಮತ್ತು ಮಳೆ ಎರಡೂ ಅದರಲ್ಲಿ ನೆಟ್ಟಗೆ ಕೂರತ್ತೆ. ನಕ್ಷೆ ಎರಡು ಬೇಕು, ವಾಸದ ಜಾಗದ್ದು ಒಂದು, ಸೋಂಕು ತಗುಲಿದ ಜಾಗದ್ದು ಒಂದು. ಹೊರಗೆ ತೋರಿಸೋ ನಕ್ಷೆಯಲ್ಲಿ ಪಂಚಾಯ್ತಿ ಮಟ್ಟಕ್ಕಿಂತ ಕೆಳಗೆ ಇಳೀಬೇಡಿ.

9. ಈ ಚಿಹ್ನೆ ಕಂಡ್ರೆ ಕಾಯ್ಬೇಡಿ

ಎಲ್ಲೂ ಹೋಗದ ಚಿಕ್ಕ ಮಗುವಿಗೆ ಮಲೇರಿಯಾ ಬಂದ್ರೆ ಅದಕ್ಕಿಂತ ದೊಡ್ಡ ಸೂಚನೆ ಇಲ್ಲ, ಅದು ಒಂದೇ ಕೇಸ್ ಆದ್ರೂ ಅವತ್ತೇ ಜಿಲ್ಲೆಗೆ ಫೋನ್ ಹೋಗ್ಬೇಕು. ಊರು ಬಿಟ್ಟು ಹೋಗದ ವಯಸ್ಸಾದವರಿಗೆ, ಗರ್ಭಿಣಿಗೆ ಬಂದ್ರೂ ಹಾಗೇ. ಎಲ್ಲೂ ಹೋಗದವರಲ್ಲಿ ಫಾಲ್ಸಿಪಾರಂ, ಒಂದೇ ಜಾಗದಲ್ಲಿ ಮೂರು ವಾರ ದಾಟಿದ ಅಂತರದಲ್ಲಿ ಎರಡು ಕೇಸ್, ಒಂದೇ ಮೇಸ್ತ್ರಿ ಕರ್ಕೊಂಡು ಬಂದ ತಂಡದಲ್ಲಿ ಇಬ್ಬರಿಗೆ ಪಾಸಿಟಿವ್, ಇವೂ ಅಷ್ಟೇ.

ಶೀಟ್‌ನಲ್ಲೇ ಕಾಣೋ ಚಿಹ್ನೆಗಳೂ ಇವೆ. ವರ್ಷಗಟ್ಟಲೆ ನೂರಕ್ಕೆ ನೂರು ಇಂಪೋರ್ಟೆಡ್, ಆದ್ರೆ ಕಾರಣದ ಕಾಲಂ ಖಾಲಿ. ಜ್ವರ ಶುರುವಾದ ದಿನ ಮತ್ತು ಟೆಸ್ಟ್ ಆದ ದಿನ ಎಲ್ಲರಿಗೂ ಒಂದೇ. ಮಳೆಗಾಲದಲ್ಲಿ ಟೆಸ್ಟ್ ಅರ್ಧಕ್ಕೆ ಇಳಿದು ಕೇಸ್ ಸೊನ್ನೆ. ಇಂತಾ ಶೀಟ್ ಸಿಕ್ರೆ ಕೇಸ್ ಹುಡುಕೋ ಮುಂಚೆ ಬರೆದವರ ಜೊತೆ ಕೂತು ಮಾತಾಡಿ.

10. ವರ್ಷದ ಕೊನೆ

ಜನವರಿಯಲ್ಲಿ "ತೀರ್ಮಾನ ಆಗಿಲ್ಲ" ಅನ್ನೋ ಸಾಲುಗಳನ್ನ ಮತ್ತೆ ತೆಗೀರಿ, ಆಮೇಲೆ ಬಂದ ಅಕ್ಕಪಕ್ಕದ ಕೇಸ್ ನೋಡಿದ್ರೆ ಕೆಲವು ಸ್ಪಷ್ಟ ಆಗಿರತ್ತೆ. ಬದಲಾಯಿಸಿದ್ರೆ ಹಳೇದನ್ನ ಅಳಿಸ್ಬೇಡಿ, ಪಕ್ಕದ ಕಾಲಂನಲ್ಲಿ ಹೊಸ ತೀರ್ಮಾನ, ದಿನಾಂಕ, ಯಾರು ಬದಲಾಯಿಸಿದ್ರು ಅಂತ ಹಾಕಿ. ಮಂಗಳೂರು, ಮೈಸೂರು, ವಯನಾಡು, ಕಣ್ಣೂರು, ಕಾಸರಗೋಡು ಕಡೆ ಪತ್ತೆಯಾದ ಕೊಡಗಿನವರ ಕೇಸ್‌ಗಳನ್ನ ಅಧಿಕಾರಿಗಳ ಮೂಲಕ ತರಿಸ್ಕೊಂಡು ಸೇರಿಸಿ, ಹಾಗೇ ಅಲ್ಲಿಯವರು ಇಲ್ಲಿ ಪತ್ತೆಯಾಗಿದ್ರೆ ಅವರಿಗೆ ತಿಳಿಸಿ.

ಕೊನೆಗೆ ಜಾಗಗಳ ಪಟ್ಟಿ. ಈ ವರ್ಷ ಸ್ಥಳೀಯ ಕೇಸ್ ಬಂದ ಜಾಗ ಸಕ್ರಿಯ. ಈ ವರ್ಷ ಇಲ್ಲ, ಆದ್ರೆ ಕಳೆದ ಮೂರು ವರ್ಷದೊಳಗೆ ಇತ್ತು ಅಂದ್ರೆ ಕಣ್ಣಿಡಬೇಕಾದ ಜಾಗ. ಮೂರು ವರ್ಷ ದಾಟಿ ಸ್ಥಳೀಯ ಕೇಸ್ ಇಲ್ಲ ಅಂದ್ರೆ ಮುಗಿದ ಜಾಗ, ಅದೂ ಆ ಮೂರು ವರ್ಷ ಅಲ್ಲಿ ಟೆಸ್ಟ್ ನಡೆದಿದ್ರೆ ಮಾತ್ರ. ಟೆಸ್ಟೇ ಆಗದ ಹಾಡಿ, ಲೈನ್ ಮನೆಗಳನ್ನ ಮುಗಿದ ಪಟ್ಟಿಗೆ ಹಾಕದೆ ಬೇರೆ ಪಟ್ಟಿ ಮಾಡಿ, ಮುಂದಿನ ಕೊಯ್ಲು ಶುರುವಾಗೋ ಮುಂಚೆ ಅಕ್ಟೋಬರ್‌ನಲ್ಲೇ ಆ ಪಟ್ಟಿಯಿಂದ ಕೆಲ್ಸ ಶುರು ಮಾಡಿ.